ಓಎಲ್ 30: ಒಬ್ಬ ನಿವೃತ್ತ ಸರ್ವೇಯರ್ ನಡೆದು ನೋಡಿದ ಇಂಗ್ಲೆಂಡಿನ ನಕಾಶೆ

ನಾನಿಲ್ಲಿ ಬರೆಯುತ್ತಿರುವುದು ಒಂದು ಕಾಗದದ ನಕಾಶೆಯ ಬಗ್ಗೆ. ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೇ ಸಂಸ್ಥೆಯ ಎಕ್ಸ್‌ಪ್ಲೋರರ್ ಸರಣಿ, ಹಾಳೆ ನಂಬರ್ ಓಎಲ್ 30, ಯಾರ್ಕ್‌ಷೈರ್ ಡೇಲ್ಸ್‌ನ ಉತ್ತರ ಮತ್ತು ಮಧ್ಯ ಭಾಗ. ಕಿತ್ತಳೆ ಬಣ್ಣದ ರಟ್ಟು. ಅಳತೆ 1:25,000. ಅಂದರೆ ನೆಲದ ಮೇಲಿನ ಒಂದು ಕಿಲೋಮೀಟರ್ ಹಾಳೆಯ ಮೇಲೆ 4 ಸೆಂಟಿಮೀಟರ್. ಮೊಬೈಲಿನಲ್ಲಿ ಎಲ್ಲ ಸಿಗುವಾಗ ಇದಕ್ಕೆ ದುಡ್ಡು ಯಾಕೆ ಸುರಿಯಬೇಕು ಅಂತ ಕೇಳಿದವಳು ನನ್ನ ಮಗಳೇ.

ನಾನು ಸಾಗರ, ಹೊಸನಗರದ ಕಡೆ ಸರ್ವೇ ಇಲಾಖೆಯಲ್ಲಿ ಕೆಲಸ ಮಾಡಿದವನು. ಸರಪಳಿ ಎಳೆಸಿ, ಹದ್ದುಬಸ್ತು ಮಾಡಿ, ಪೋಡಿ ಮಾಡಿ, ಕಾಣೆಯಾದ ಬಾಂದು ಕಲ್ಲು ಹುಡುಕಿ, ಎರಡೂ ಕಡೆಯವರಿಂದ ಬೈಸಿಕೊಂಡು ನಿವೃತ್ತನಾದೆ. ಹಾಗಾಗಿ ನಕಾಶೆ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಚೆಂದವನ್ನಲ್ಲ. ಅಳತೆ ಎಷ್ಟು, ಗುರುತುಗಳು ಏನು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಏನು ಬರೆದು ತಪ್ಪಿಸಿಕೊಂಡಿದ್ದಾರೆ, ಇಷ್ಟೇ.

ಮಗಳು ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಆಫೀಸಿನ ಗೆಳೆಯನೊಬ್ಬ ಲ್ಯಾಂಡ್ಸ್ ಎಂಡ್‌ನಿಂದ ಜಾನ್ ಓ ಗ್ರೋಟ್ಸ್‌ಗೆ ನಡೆಯುತ್ತಿದ್ದ. ಒಂದು ಇಂಗ್ಲೆಂಡಿನ ನೈಋತ್ಯ ತುದಿ, ಇನ್ನೊಂದು ಸ್ಕಾಟ್ಲೆಂಡಿನ ಈಶಾನ್ಯ ಮೂಲೆ. ರಸ್ತೆ ಹಿಡಿದರೆ 874 ಮೈಲಿ, ಸುಮಾರು 1,400 ಕಿಲೋಮೀಟರ್. ಅವನ ಹಾಗೆ ಕಾಲುದಾರಿಯಲ್ಲೇ ಹೋಗ್ತೀನಿ ಅಂದರೆ ಸಾವಿರ ಮೈಲಿ ದಾಟುತ್ತದೆ. ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಒಂದು ಹಾಸ್ಪಿಸ್‌ಗೆ ಹಣ ಕೂಡಿಸುವ ನಡಿಗೆ ಅದು. ಹೀಗೆ ದೇಶದ ಉದ್ದಕ್ಕೂ ನಡೆದು ಹಣ ಎತ್ತುವುದು ಅಲ್ಲಿ ಹೊಸದಲ್ಲ. ನಮ್ಮ ವಯಸ್ಸಿನವರಿಗೆ ಇಂಗ್ಲೆಂಡಿನ ಕ್ರಿಕೆಟಿಗ ಇಯಾನ್ ಬೋಥಮ್ ನೆನಪಿರಬೇಕು. 1985ರಲ್ಲಿ ಇದೇ ದಾರಿಯನ್ನು ಉತ್ತರದಿಂದ ದಕ್ಷಿಣಕ್ಕೆ ನಡೆದು ಮಕ್ಕಳ ರಕ್ತ ಕ್ಯಾನ್ಸರಿನ ಸಂಶೋಧನೆಗೆ ದುಡ್ಡು ಎತ್ತಿದ್ದರು.

ಗೆಳೆಯರು ಒಂದೊಂದು ದಿನ ಬಂದು ಜೊತೆಗೆ ನಡೆಯಬಹುದು ಅಂತ ಅವನು ಕರೆದಿದ್ದ. ಮಗಳು ಹೊರಟಳು. ನಾನೂ ಬರ್ತೀನಿ ಅಂದೆ. "ಅಪ್ಪಾ, ಇಪ್ಪತ್ತು ಕಿಲೋಮೀಟರ್, ಮಧ್ಯೆ ಗುಡ್ಡ ಬೇರೆ" ಅಂದಳು. ನಾನು ಸರ್ವೇಗೆ ಕೊಡಚಾದ್ರಿ ತಪ್ಪಲೆಲ್ಲ ಸುತ್ತಿದವನು ಅಂದೆ. ಅದು ಯಾವ ಕಾಲದಲ್ಲಿ ಅಂತ ಅವಳು ಕೇಳಲಿಲ್ಲ, ಪುಣ್ಯ.

ನಮ್ಮ ಪಾಲಿನ ದಾರಿ ಹಾಸ್ ಎಂಬ ಪೇಟೆಯಿಂದ ಕೆಲ್ಡ್ ಎಂಬ ಹಳ್ಳಿಯವರೆಗೆ. ಹಾಸ್ ಇರುವುದು ವೆನ್ಸ್‌ಲಿಡೇಲ್ ಕಣಿವೆಯಲ್ಲಿ, ಅದೇ ಹೆಸರಿನ ಚೀಸ್ ಮಾಡುವ ಊರು. ಕೆಲ್ಡ್ ಇರುವುದು ಆಚೆಯ ಸ್ವೇಲ್‌ಡೇಲ್‌ನಲ್ಲಿ. ಎರಡು ಕಣಿವೆಗಳ ಮಧ್ಯೆ ಗ್ರೇಟ್ ಶನ್ನರ್ ಫೆಲ್ ಎಂಬ ಗುಡ್ಡ, ಎತ್ತರ 716 ಮೀಟರ್. ಇದು ಪೆನ್ನೈನ್ ವೇ ಎಂಬ ದೊಡ್ಡ ಕಾಲುದಾರಿಯ ಒಂದು ತುಂಡು. ಪೂರ್ತಿ ಉದ್ದ 268 ಮೈಲಿ. ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತ 1935ರಲ್ಲಿ ಹೀಗೊಂದು ದಾರಿ ಬೇಕು ಅಂತ ಬರೆದ. ದಾರಿ ತೆರೆದದ್ದು 1965ರಲ್ಲಿ. ಮೂವತ್ತು ವರ್ಷ! ಸರ್ಕಾರಿ ಕಡತ ಎಲ್ಲ ಕಡೆ ಒಂದೇ ವೇಗದಲ್ಲಿ ಓಡುತ್ತದೆ ಅಂತ ಓದಿ ಸಮಾಧಾನವಾಯಿತು.

ಹಿಂದಿನ ರಾತ್ರಿ ಹಾಳೆ ಬಿಡಿಸಿ ಮೇಜಿನ ಮೇಲೆ ಹಾಸಿದೆ. ಮೇಜು ಸಾಲಲಿಲ್ಲ. ಎರಡೂ ಬದಿ ಮುದ್ರಣ ಬೇರೆ. ಆದರೆ ವಿವರ ನೋಡಿ ನನಗೆ ನಿಜವಾಗಲೂ ಖುಷಿಯಾಯಿತು. ಒಂದೊಂದು ಹೊಲದ ಗಡಿಯನ್ನೂ ಸಣ್ಣ ಕಪ್ಪು ಗೆರೆಯಲ್ಲಿ ಬಿಡಿಸಿದ್ದಾರೆ. ಹೊಲದ ಮಧ್ಯದ ಕೊಟ್ಟಿಗೆ ಇದೆ. ಕುರಿದೊಡ್ಡಿ ಇದೆ. ಬುಗ್ಗೆ ಏಳುವ ಜಾಗ ಇದೆ. ಸುಣ್ಣಕಲ್ಲು ಕರಗಿ ನೆಲ ಕುಸಿದ ಗುಂಡಿಗಳಿಗೂ ಹೆಸರು ಬರೆದಿದ್ದಾರೆ. ಕಾಲುಸಂಕಕ್ಕೊಂದು ಗುರುತು, ಹೆಂಡದಂಗಡಿಗೆ ನೀಲಿ ಲೋಟ. 1:50,000 ಅಳತೆಯ ಹಾಳೆಯಲ್ಲಿ ಹೊಲದ ಗಡಿ ಬರುವುದಿಲ್ಲ. ಅವರದೇ ಲ್ಯಾಂಡ್‌ರೇಂಜರ್ ಸರಣಿ ಆ ಅಳತೆಯದ್ದು, ಗುಲಾಬಿ ರಟ್ಟು. ಕಾರಿನಲ್ಲಿ, ಸೈಕಲ್ಲಿನಲ್ಲಿ ಹೋಗುವವರಿಗೆ ಅದು ಸಾಕು. ನಡೆಯುವವನಿಗೆ ಹೊಲದ ಗಡಿ ಬೇಕೇ ಬೇಕು. ಯಾಕೆ ಅಂತ ಮಾರನೇ ಬೆಳಿಗ್ಗೆಯೇ ಗೊತ್ತಾಯಿತು.

ಬೆಳಿಗ್ಗೆ ಹಾಸ್‌ನಿಂದ ಹಾರ್ಡ್ರಾ ಎಂಬ ಹಳ್ಳಿಗೆ ಹೊಲಗಳ ನಡುವೆ ಹೊರಟೆವು. ಎಲ್ಲಿ ನೋಡಿದರೂ ಮಣ್ಣು ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆ. ಗೋಡೆ ದಾಟಲು ಅಲ್ಲಲ್ಲಿ ತಡಬೆ, ಕೆಲವು ಕಡೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟೇ ಸಂದು. ಕುರಿ ದಾಟಬಾರದು, ಮನುಷ್ಯ ದಾಟಬೇಕು ಅನ್ನುವ ಲೆಕ್ಕ. ಹೊಲದ ಒಳಗೆ ನಿಂತರೆ ಮುಂದಿನ ತಡಬೆ ಯಾವ ಮೂಲೆಯಲ್ಲಿದೆ ಅಂತ ಕಾಣುವುದಿಲ್ಲ. ಮಗಳ ಫೋನಿನಲ್ಲಿ ಒಂದು ಪುಕ್ಕಟೆ ಆ್ಯಪ್ ಇತ್ತು. ಅದರಲ್ಲಿ ನಾವೊಂದು ನೀಲಿ ಚುಕ್ಕೆ, ಸುತ್ತ ಬರೀ ಖಾಲಿ ಬೂದು ಬಣ್ಣ. ಓಎಲ್ 30ರಲ್ಲಿ ಹಸಿರು ಗೀಟು ಯಾವ ಗೋಡೆಯನ್ನು ಎಲ್ಲಿ ಕತ್ತರಿಸುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಎಡಗಡೆಯಿಂದ ಎರಡನೇ ಕೊಟ್ಟಿಗೆ ದಾಟಿ ಗೋಡೆಯ ಬಲ ಮೂಲೆ ಅಂದೆ. ಹೋದರೆ ತಡಬೆ ಅಲ್ಲೇ ಇತ್ತು. ಮಗಳು ಫೋನ್ ಜೇಬಿಗೆ ಹಾಕಿದಳು.

ಆ ಹಸಿರು ಗೀಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ನಕಾಶೆಯ ಜೀವ ಇರುವುದೇ ಅಲ್ಲಿ.

ಚಿಕ್ಕ ಚಿಕ್ಕ ಹಸಿರು ಗೀಟು ಅಂದರೆ ನಡೆದು ಹೋಗುವ ಹಕ್ಕಿರುವ ದಾರಿ. ಉದ್ದ ಹಸಿರು ಗೀಟು ಅಂದರೆ ಕುದುರೆ, ಸೈಕಲ್ಲಿಗೂ ಹಕ್ಕು. ಪೆನ್ನೈನ್ ವೇ ತರಹದ ರಾಷ್ಟ್ರೀಯ ಕಾಲುದಾರಿಗೆ ಮಧ್ಯೆ ಮಧ್ಯೆ ಹಸಿರು ವಜ್ರದ ಗುರುತು. ಕಿತ್ತಳೆ ಗೀಟು ಅಂದರೆ ಜಮೀನಿನ ಮಾಲೀಕ ಒಪ್ಪಿ ಬಿಟ್ಟುಕೊಟ್ಟ ದಾರಿ, ನಾಳೆ ಬೇಡ ಅಂದರೂ ಅನ್ನಬಹುದು. ಗುಡ್ಡದ ಮೇಲೆ ತೆಳು ಹಳದಿ ಬಳಿದಿದ್ದರೆ ಅಲ್ಲಿ ದಾರಿ ಬಿಟ್ಟೂ ಕಾಲ್ನಡಿಗೆಯಲ್ಲಿ ಓಡಾಡಬಹುದು. ಅದು 2000ದಲ್ಲಿ ಬಂದ ಕಾಯ್ದೆ. ಯಾರಪ್ಪನ ಜಮೀನಾದರೂ ಸರಿ, ಗೀಟು ಹಸಿರಾಗಿದ್ದರೆ ನೀವು ನಡೆಯಬಹುದು. ಯಾರನ್ನೂ ಕೇಳಬೇಕಾಗಿಲ್ಲ.

ದಾರಿ ಒಂದು ಕಡೆ ಸೀದಾ ರೈತನ ಮನೆ ಅಂಗಳಕ್ಕೆ ನುಗ್ಗಿತು. ನಾನು ದಣಪೆ ಹತ್ತಿರ ನಿಂತುಬಿಟ್ಟೆ. ಒಳಗೆ ಟ್ರ್ಯಾಕ್ಟರ್, ಹುಲ್ಲಿನ ಉಂಡೆಗಳು, ಒಗೆದು ಹಾಕಿದ ಬಟ್ಟೆ, ಕಟ್ಟಿದ ನಾಯಿ. ನಮ್ಮ ಕಡೆ ಹೀಗೆ ನುಗ್ಗಿದರೆ ಮೊದಲು ನಾಯಿ ಬರುತ್ತದೆ, ಆಮೇಲೆ ಯಜಮಾನ. ನಡಿಗೆಯವನು ಮಾತ್ರ ದಣಪೆ ತೆಗೆದು, ನಮ್ಮನ್ನು ದಾಟಿಸಿ, ಮತ್ತೆ ಹಾಕಿ, ಅಂಗಳದ ಮಧ್ಯೆಯೇ ನಡೆದ. ರೈತ ಕೊಟ್ಟಿಗೆಯಿಂದ ತಲೆ ಹೊರಗೆ ಹಾಕಿ ಮಳೆ ಬರುತ್ತೆ ಅಂದ. ಅಷ್ಟೇ ಮಾತು. ಹಾಳೆ ತೆಗೆದು ನೋಡಿದೆ. ಹಸಿರು ಗೀಟು ಆ ಮನೆಗೂ ಕೊಟ್ಟಿಗೆಗೂ ನಡುವೆಯೇ ಹಾದಿತ್ತು. ಅರ್ಧ ಮಿಲಿಮೀಟರ್ ಆಚೀಚೆ ಇಲ್ಲ.

ನಮ್ಮಲ್ಲೂ ಇದು ಇಲ್ಲ ಅಂತಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎರಡನ್ನೂ ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ನಕಾಶೆ ಕಂಡ ದಾರಿ ಅಂತ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಗೊತ್ತು. ಆದರೆ ಅದು ಯಾವಾಗ ನೆನಪಾಗುತ್ತದೆ? ಯಾರೋ ದಾರಿಗೆ ಬೇಲಿ ಹಾಕಿ, ಅಡಿಕೆ ಸಸಿ ನೆಟ್ಟು, ಪಕ್ಕದವನು ಗೊನೆ ಸಾಗಿಸಲಾಗದೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಮೇಲೆ. ಆಗ ನಮ್ಮಂಥವರು ನಕಾಶೆ ಹಿಡಿದುಕೊಂಡು ಹೋಗುತ್ತೇವೆ. ನಮ್ಮ ಹಳೆಯ ಗ್ರಾಮ ನಕಾಶೆಗಳು ಹೆಚ್ಚಾಗಿ ಮೈಲಿಗೆ 8 ಇಂಚಿನ ಅಳತೆಯವು, ಈ ಇಂಗ್ಲೆಂಡಿನ ಹಾಳೆಗಿಂತ ಮೂರು ಪಟ್ಟು ದೊಡ್ಡದಾಗಿ ತೋರಿಸುತ್ತವೆ. ವಿವರದಲ್ಲಿ ನಾವು ಕಡಿಮೆಯಿಲ್ಲ. ಅಲ್ಲಿಯ ಹೆಚ್ಚುಗಾರಿಕೆ ಏನೆಂದರೆ, ದಾರಿಯ ಹಕ್ಕನ್ನು ಹಾಳೆಯ ಮೇಲೆ ಬಣ್ಣದಲ್ಲಿ ಅಚ್ಚು ಮಾಡಿ, ಪೇಟೆಯ ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕ ಮಾರಲು ಇಟ್ಟಿದ್ದಾರೆ. ದೇಶದ ಈ ತುದಿಯಿಂದ ಆ ತುದಿಗೆ ಒಬ್ಬ ಮನುಷ್ಯ ಬೆನ್ನಿಗೆ ಚೀಲ ಹಾಕಿಕೊಂಡು ಯಾರ ಅಪ್ಪಣೆಯೂ ಇಲ್ಲದೆ ಹೋಗಬಹುದಾದರೆ ಅದಕ್ಕೆ ಕಾರಣ ಇದು.

ಸಣ್ಣಕ್ಷರದ ವಿಷಯ ಬಿಟ್ಟೇ ಹೋಗಿತ್ತು. ಮೂಲೆಯಲ್ಲಿ ಬರೆದಿದ್ದಾರೆ: ಹಸಿರು ಗುರುತಿಲ್ಲದ ದಾರಿ ನಕಾಶೆಯಲ್ಲಿ ಕಂಡ ಮಾತ್ರಕ್ಕೆ ಅಲ್ಲಿ ಓಡಾಡುವ ಹಕ್ಕಿದೆ ಅಂತಲ್ಲ. ಹಕ್ಕಿನ ಮೂಲ ದಾಖಲೆ ಬೇರೆ ಇದೆ. 1949ರ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತ ಇಟ್ಟುಕೊಳ್ಳಬೇಕಾದ ನಕಾಶೆ ಅದು, ಕೋರ್ಟಿನಲ್ಲಿ ನಿಲ್ಲುವುದೂ ಅದೇ. ಅಂಗಡಿಯ ಹಾಳೆ ಅದರ ನಕಲು. ಮೂಲ, ನಕಲು ಅಂತ ಬೇರೆ ಮಾಡಿ ಹೇಳುವ ಸಂಸ್ಥೆಯ ಮೇಲೆ ನನಗೆ ಗೌರವ. ಇನ್ನೊಂದು ಮಾತು, ಈ ಹಸಿರು ಗೀಟಿನ ವ್ಯವಸ್ಥೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಕಡೆ ಜವಾಬ್ದಾರಿಯಿಂದ ನಡೆದಾಡಬಹುದು.

ಹಾರ್ಡ್ರಾ ದಾಟಿದ ಮೇಲೆ ಏರು ಶುರು. ಕಡಿದಾದ ಏರಲ್ಲ, ಮುಗಿಯದ ಏರು. ನಕಾಶೆಯಲ್ಲಿ ಎತ್ತರದ ಗೆರೆಗಳು ದೂರ ದೂರ ಇರುವುದು ನೋಡಿ ಸುಲಭ ಅಂದುಕೊಳ್ಳಬೇಡಿ. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವನ 1892ರ ಲೆಕ್ಕವೊಂದಿದೆ: ಮೂರು ಮೈಲಿಗೆ ಒಂದು ಗಂಟೆ, ಏರಿದ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಹಾಸ್‌ನಿಂದ ತುದಿಗೆ ಸುಮಾರು ಮೂರು ಗಂಟೆ ಬಂತು. ಆ ಲೆಕ್ಕ ಹಾಕಿದವನಿಗೆ ಮಂಡಿ ನೋವಿರಲಿಲ್ಲ.

ಮೇಲೆ ನೆಲ ಎಲ್ಲ ಕಪ್ಪು ಹುದುಲು. ಕಾಲಿಟ್ಟರೆ ಹೂತು ಹೋಗುತ್ತದೆ. ಅದಕ್ಕೆ ದಾರಿಗೆ ಕಲ್ಲು ಚಪ್ಪಡಿ ಹಾಸಿದ್ದಾರೆ. ಪೆನ್ನೈನ್ ವೇಯ ಇಂಥ ಚಪ್ಪಡಿಗಳಲ್ಲಿ ಎಷ್ಟೋ ಲ್ಯಾಂಕಷೈರಿನ ಹಳೆಯ ಹತ್ತಿ ಗಿರಣಿಗಳ ನೆಲದಿಂದ ಕಿತ್ತು ತಂದವು. ಗಿರಣಿ ಮುಚ್ಚಿತು, ಕಟ್ಟಡ ಕೆಡವಿದರು, ಕಲ್ಲನ್ನು ಹೆಲಿಕಾಪ್ಟರಿನಲ್ಲಿ ತಂದು ಗುಡ್ಡದ ಮೇಲೆ ಹಾಸಿದರು. ಆ ಗಿರಣಿಗಳಲ್ಲಿ ನಮ್ಮ ದೇಶದ ಹತ್ತಿಯೂ ನೂಲಾಗಿದೆ. ನಕಾಶೆಯಲ್ಲಿ ಚಪ್ಪಡಿ ತೋರಿಸಿಲ್ಲ, ತೋರಿಸಬೇಕಾಗಿಯೂ ಇಲ್ಲ. ನಿಜ ಹೇಳಬೇಕೆಂದರೆ ಈ ಗುಡ್ಡದ ಮೇಲೆ ನಕಾಶೆಯೇ ಅಷ್ಟಾಗಿ ಬೇಕಾಗಲಿಲ್ಲ. ಮಂಜು ಮುಸುಕಿದರೂ ಚಪ್ಪಡಿ ಹಿಡಿದರೆ ತುದಿ ಸಿಗುತ್ತದೆ. ಬೇಕಾದದ್ದು ಊರುಗಳ ಹತ್ತಿರ, ಹತ್ತು ದಾರಿ ಕವಲೊಡೆಯುವಲ್ಲಿ. ಗುಡ್ಡಕ್ಕಾಗಿ ನಕಾಶೆ ಕೊಳ್ಳುವವರೇ ಹೆಚ್ಚು, ಆದರೆ ದುಡ್ಡು ವಸೂಲಾಗುವುದು ಹೊಲದಲ್ಲಿ.

ಗಾಳಿ ಬಗ್ಗೆ ಎಚ್ಚರಿಕೆ. ಯಾವ ದೊಡ್ಡ ಕಾಗದದ ಹಾಳೆಯನ್ನೂ 700 ಮೀಟರ್ ಎತ್ತರದಲ್ಲಿ ಬಿಡಿಸಬಾರದು. ಮನೆಯಲ್ಲೇ ಅಂದಿನ ದಾರಿ ಹೊರಗೆ ಕಾಣುವಂತೆ ತಿರುಗಿಸಿ ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತು ಹಾಕಿಕೊಳ್ಳಬೇಕು. ನಾನು ಹಾಗೆ ಮಾಡಿದ್ದೆ. "ಥೇಟ್ ಕಂಡಕ್ಟರ್" ಅಂತ ಮಗಳು ನಕ್ಕಳು.

ತುದಿಯಲ್ಲಿ ಗಾಳಿಗೆ ಮರೆಯಾಗಿ ಕೂರಲು ಕೂಡುವ ಗುರುತಿನ (+) ಆಕಾರದಲ್ಲಿ ಕಲ್ಲಿನ ಗೋಡೆ ಕಟ್ಟಿದ್ದಾರೆ. ಗಾಳಿ ಯಾವ ಕಡೆಯಿಂದ ಬಂದರೂ ಒಂದು ಮೂಲೆ ಬೆಚ್ಚಗೆ. ಆ ಗೋಡೆಯೊಳಗೇ ಸೇರಿಕೊಂಡಿದೆ ಟ್ರಿಗ್ ಪಾಯಿಂಟಿನ ಕಂಬ. ಹಾಳೆಯಲ್ಲಿ ನೀಲಿ ತ್ರಿಕೋನ, ನಡುವೆ ಚುಕ್ಕೆ. ನಾನು ಕೈಗವಸು ತೆಗೆದು ಕಂಬವನ್ನು ಮುಟ್ಟಿದೆ. 1936ರಲ್ಲಿ ಶುರುವಾದ ಮರುಅಳತೆಗಾಗಿ ಬ್ರಿಟನ್ನಿನ ತುಂಬ ಇಂಥ ಸುಮಾರು 6,500 ಕಂಬ ನಿಲ್ಲಿಸಿದರು. ಒಂದರ ಮೇಲೆ ಥಿಯೊಡೊಲೈಟ್ ಇಟ್ಟು ಇನ್ನೊಂದನ್ನು ನೋಡಿ ಕೋನ ಅಳೆಯುವುದು. ಜಿಪಿಎಸ್ ಬಂದ ಮೇಲೆ ಇವಕ್ಕೆ ಕೆಲಸವಿಲ್ಲ, ನನ್ನಂತೆಯೇ. ಆರ್ಡ್‌ನೆನ್ಸ್ ಸರ್ವೇ ಶುರುವಾದದ್ದು 1791ರಲ್ಲಿ, ಫ್ರೆಂಚರು ನುಗ್ಗಿದರೆ ಎಂಬ ಭಯದ ಕಾಲದಲ್ಲಿ, ಫಿರಂಗಿ ಮದ್ದುಗುಂಡಿನ ಇಲಾಖೆಯ ಕೈಕೆಳಗೆ. ಟಿಪ್ಪು ಸತ್ತ ಮರುವರ್ಷವೇ, 1800ರಲ್ಲಿ, ಬ್ರಿಟಿಷ್ ಸೇನೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಹತ್ತಿರ ಮೊದಲ ಆಧಾರ ರೇಖೆ ಅಳೆದ. 1802ರಲ್ಲಿ ಮದ್ರಾಸಿನಿಂದ ದೊಡ್ಡ ತ್ರಿಕೋನಮಿತಿ ಸರ್ವೇ ಹೊರಟಿತು. ಅವರ ಗಂಟರ್ ಸರಪಳಿ 66 ಅಡಿ, ನಾವು ಎಳೆಯುತ್ತಿದ್ದದ್ದು 33 ಅಡಿಯದ್ದು, ಸರಿಯಾಗಿ ಅರ್ಧ. ಕ್ರಿಕೆಟ್ ಪಿಚ್ಚಿನ 22 ಗಜ ಅಂದರೂ ಅದೇ 66 ಅಡಿಯ ಒಂದು ಸರಪಳಿ. ಇದನ್ನೆಲ್ಲ ನಾನು ಹೇಳುತ್ತಿದ್ದರೆ ನಡಿಗೆಯವನು ಮಗಳು ತಂದ ಚಪಾತಿ ಸುರುಳಿಗೆ ವೆನ್ಸ್‌ಲಿಡೇಲ್ ಚೀಸ್ ಇಟ್ಟು, ಮೇಲೆ ನಮ್ಮ ಮನೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಚಟ್ನಿಪುಡಿ ಡಬ್ಬಿ ಮಾತ್ರ ಅವನ ಚೀಲಕ್ಕೇ ಹೋಯಿತು.

ಅವನ ಕಾಲನ್ನು ಅಲ್ಲೇ ನೋಡಿದ್ದು. ಬೂಟು ಬಿಚ್ಚಿ ಹಿಮ್ಮಡಿಯ ಟೇಪು ಬದಲಾಯಿಸಿದ. ಕಿರುಬೆರಳಿನ ಉಗುರು ಇರಲಿಲ್ಲ. ನಾವು ಒಂದು ದಿನ ನಡೆದು ಫೋಟೋ ತೆಗೆಸಿಕೊಂಡು ಹೋಗುವವರು. ಅವನಿಗೆ ನಾಳೆಯೂ ಇದೆ, ನಾಡಿದ್ದೂ ಇದೆ.

ಇಳಿದ ಮೇಲೆ ಥ್ವೇಟ್ ಎಂಬ ಪುಟ್ಟ ಹಳ್ಳಿ. ಚಹಾ ಕುಡಿಯಲು ಕೂತಾಗ ಪಕ್ಕದ ಮೇಜಿನವರು ಅವನ ಬೆನ್ನಿನ ಮೇಲಿನ ಕ್ಯೂಆರ್ ಕೋಡ್ ನೋಡಿ ಫೋನ್ ತೆಗೆದರು. ಸಿಗ್ನಲ್ ಇಲ್ಲ. ಅವನ ಹತ್ತಿರ ಕಾಗದದ ಲಕೋಟೆಗಳಿದ್ದವು. ಹಣ ಹಾಕಿ, ಹೆಸರು ವಿಳಾಸ ಬರೆದು, ಗಿಫ್ಟ್ ಏಡ್ ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಹಾಗೆ ಹಾಕಿದರೆ ಸರ್ಕಾರ ಒಂದು ಪೌಂಡಿಗೆ 25 ಪೆನ್ಸ್ ಸೇರಿಸಿ ಆ ಸಂಸ್ಥೆಗೆ ಕೊಡುತ್ತದೆ. ಕೊಟ್ಟವರು ಆಗಲೇ ಕಟ್ಟಿದ ಆದಾಯ ತೆರಿಗೆಯ ಪಾಲು ಅದು. ನಾನು ಹತ್ತು ಪೌಂಡ್ ಹಾಕಿದೆ. ಟಿಕ್ ಹಾಕಲು ಹೋದರೆ ಮಗಳು ಕೈ ಹಿಡಿದಳು. "ಅಪ್ಪಾ, ನೀವು ಇಲ್ಲಿ ತೆರಿಗೆ ಕಟ್ಟಲ್ವಲ್ಲ." ನಮ್ಮ ಹತ್ತು ಪೌಂಡ್ ಹತ್ತಾಗಿಯೇ ಉಳಿಯಿತು.

ಥ್ವೇಟ್‌ನಿಂದ ಕೆಲ್ಡ್‌ಗೆ ಕಿಸ್ಡನ್ ಎಂಬ ಗುಡ್ಡದ ಪಕ್ಕೆ ಸುತ್ತಿಕೊಂಡು ಹೋಗಬೇಕು. ಕೆಳಗೆ ಹುಲ್ಲಿನ ಹೊಲಗಳು, ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ, ಮುಖ ಕಪ್ಪು ಮೂತಿ ಬಿಳಿ ಇರುವ ಸ್ವೇಲ್‌ಡೇಲ್ ಕುರಿಗಳು. ಈ ಹೊಲಗಳನ್ನು ಸಾಲಾಗಿ ಒಬ್ಬರ ಹಿಂದೆ ಒಬ್ಬರು ದಾಟಬೇಕು. ಹುಲ್ಲೇ ಅವರ ಫಸಲು. ಇಲ್ಲಿ ನಕಾಶೆಯ ಒಂದು ಕೊರತೆ ಕಂಡಿತು. ಹೊಲದ ಗಡಿ ಅಂದರೆ ಒಂದೇ ಕಪ್ಪು ಗೆರೆ. ಅದು ಕಲ್ಲು ಗೋಡೆಯೋ, ಮುಳ್ಳು ಬೇಲಿಯೋ, ತಂತಿಯೋ ಅಂತ ಹಾಳೆ ಹೇಳುವುದಿಲ್ಲ. ನಮ್ಮ ಸರ್ವೇ ಆಫ್ ಇಂಡಿಯಾದ ಟೋಪೋ ಹಾಳೆಯಲ್ಲಿ, ಅಂದರೆ ಸ್ಥಳಾಕೃತಿ ನಕಾಶೆಯಲ್ಲಿ, ಬಾವಿಗೆ ಕಲ್ಲು ಕಟ್ಟಿದೆಯೋ ಇಲ್ಲವೋ ಅಂತಲೂ ಬೇರೆ ಗುರುತಿದೆ. ಆದರೆ ನನ್ನ ಸರ್ವೀಸಿನಲ್ಲಿ ಕರಾವಳಿ, ಗಡಿ ಭಾಗದ ಟೋಪೋ ಹಾಳೆಗಳು ಸಾಮಾನ್ಯರಿಗೆ ಸಿಗುತ್ತಲೇ ಇರಲಿಲ್ಲ. 2005ರ ನಕಾಶೆ ನೀತಿ ಬಂದ ಮೇಲೆ ಜನರಿಗಾಗಿ ಬೇರೆ ಸರಣಿ ಮಾಡಿದರು, 2021ರಲ್ಲಿ ಇನ್ನಷ್ಟು ಸಡಿಲ ಮಾಡಿದರು. ಈಗ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ. ಒಳ್ಳೆಯದೇ. ಅದರಲ್ಲಿ ನಡೆಯುವವನಿಗೂ ಒಂದು ಹಸಿರು ಗೀಟು ಹಾಕಿಕೊಟ್ಟರೆ ಎಷ್ಟೋ ತಕರಾರು ಕಮ್ಮಿಯಾಗುತ್ತದೆ.

ಕೆಲ್ಡ್‌ನಲ್ಲಿ ನಾವಿಬ್ಬರೂ ನಿಂತೆವು. ಅವನು ಇನ್ನೂ ನಾಲ್ಕು ಮೈಲಿ ದೂರದ ಟ್ಯಾನ್ ಹಿಲ್‌ಗೆ ಹೋದ. 1,732 ಅಡಿ ಎತ್ತರದಲ್ಲಿ ಒಂಟಿಯಾಗಿ ನಿಂತ ಹೆಂಡದಂಗಡಿ ಅದು, ಇಡೀ ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು. ಹಾಳೆಯಲ್ಲಿ ನೀಲಿ ಲೋಟ ನೋಡಿಯೇ ಹೊರಟನೇನೋ.

ಇನ್ನು ಕೊಳ್ಳುವವರಿಗೆ. ದೇಶದ ಉದ್ದಕ್ಕೂ ನಡೆಯುವ ಯೋಚನೆಯಿದ್ದರೆ ಬರೀ ಕಾಗದದ ಎಕ್ಸ್‌ಪ್ಲೋರರ್ ನಂಬಿಕೊಂಡರೆ ಆಗುವುದಿಲ್ಲ. ಬ್ರಿಟನ್ ಪೂರ್ತಿಗೆ 403 ಹಾಳೆ ಇವೆ, ನಿಮ್ಮ ದಾರಿಗೆ ಬರುವವನ್ನಷ್ಟೇ ಹೊತ್ತರೂ ಚೀಲ ಭಾರ. ಹಾಳೆಯ ಜೊತೆ ಮೊಬೈಲಿಗೆ ಇಳಿಸಿಕೊಳ್ಳುವ ಕೋಡ್ ಕೊಡುತ್ತಾರೆ. ರಟ್ಟಿನ ಒಳಗೆ ಕೆರೆದು ನೋಡಬೇಕು. ನಡಿಗೆಯವನು ಹಾಗೇ ಮಾಡಿದ್ದ. ದಾರಿಯ ಪಟ್ಟಿಯನ್ನಷ್ಟೇ ತೋರಿಸುವ 1:40,000 ಅಳತೆಯ ನೆನೆಯದ ನಕಾಶೆಗಳನ್ನು ಹಾರ್ವಿ ಎಂಬ ಕಂಪನಿ ಮಾಡುತ್ತದೆ. ಪೆನ್ನೈನ್ ವೇ ಒಂದನ್ನೇ ನಡೆಯುವವರಿಗೆ ಅದು ಹಗುರ. ಆದರೆ ಪಟ್ಟಿ ಬಿಟ್ಟು ಊರಿಗೆ ಇಳಿಯಬೇಕಾದರೆ ಅದರಲ್ಲಿ ಏನೂ ಸಿಗುವುದಿಲ್ಲ.

ಅಲ್ಲಿ ನೆಲೆಸಿರುವ ನಮ್ಮವರು ಮೊದಲು ತಮ್ಮ ಮನೆಯಿರುವ ಜಾಗದ ಹಾಳೆ ಕೊಳ್ಳಲಿ. ಮನೆ ಹಿಂದಿನ ಓಣಿಯಿಂದಲೇ ಹಸಿರು ಗೀಟು ಹೊರಟಿರಬಹುದು, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಮಳೆಗೆ ನೆನೆಯದ ಹಾಳೆಯೂ ಬರುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಯಾರ್ಕ್‌ಷೈರ್ ಕಡೆಯವರಾದರೆ ಅದನ್ನೇ ತಗೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದಿಟ್ಟುಕೊಂಡದ್ದು ಗೋಡೆಗೂ ಬೇಲಿಗೂ ಒಂದೇ ಗೆರೆ ಎಳೆದದ್ದಕ್ಕೆ.